ಚಿತ್ರಕೃಪೆ: ಇಂಟರ್ನೆಟ್

ಹಳೆಯ ಬಟ್ಟೆಗಳಿಗೆ ನಮ್ಮ ಮನೆಯಲ್ಲಿ ಆಶ್ರಮಧರ್ಮವಿದೆ. ಹೊಸದಾಗಿದ್ದಾಗ ಹಬ್ಬಕ್ಕೆ, ಬಣ್ಣ ಮಾಸಿದ ಮೇಲೆ ಮನೆಯೊಳಗೆ, ಬಗಲಲ್ಲಿ ಹರಿದ ಮೇಲೆ ಮಲಗುವುದಕ್ಕೆ, ಆಮೇಲೆ ಗ್ಯಾಸ್ ಒಲೆ ಒರೆಸುವುದಕ್ಕೆ, ಕಡೆಗೆ ನೆಲಕ್ಕೆ. ಯಾವ ಬಟ್ಟೆಯೂ ನಡುವಿನ ಮೆಟ್ಟಿಲು ಹಾರುವಂತಿಲ್ಲ. ಇಷ್ಟನ್ನೂ ಮುಗಿಸಿ ಎಳೆ ಎಳೆಯಾದದ್ದು ಭೋಗಿಯ ಬೆಳಗ್ಗೆ ಬೆಂಕಿಗೆ ಹೋಗುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಮದರಾಸಿನವರೆಲ್ಲ ಬೀದಿಗಿಳಿದು ಹಳೆಯದನ್ನೆಲ್ಲ ಸುಟ್ಟು, ಊರಿಗೆ ಊರೇ ಕೂತು ಕೆಮ್ಮುವ ಹಬ್ಬ ಅದು. ನಮ್ಮವರ ಎಷ್ಟೋ ಬನಿಯನ್ನುಗಳು ಹೀಗೆಯೇ ಸದ್ಗತಿ ಪಡೆದಿವೆ.

ಆದರೆ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಒಂದು ಪುಟ್ಟ ಬಿಳಿ ಜುಬ್ಬ ಮಾತ್ರ ಪ್ರತಿ ಭೋಗಿಗೂ ಅಟ್ಟದಿಂದ ಇಳಿದು, ಬೆಂಕಿಯ ಬಳಿಯ ತನಕ ಹೋಗಿ, ಮತ್ತೆ ಅಟ್ಟಕ್ಕೇ ಮರಳುತ್ತಿತ್ತು. ಎದೆಯ ಮೇಲೆ ಬಾಲಕೃಷ್ಣನ ಚಿತ್ರ. ಒಮ್ಮೆಯೂ ಒಗೆಯದೆಯೇ ಚಿತ್ರ ಬಿರುಕು ಬಿಟ್ಟಿತ್ತು. ಕೃಷ್ಣನ ಪಾದದ ಕೆಳಗೆ ಒಂದು ಸಾಲು ಬರಹ. ಕನ್ನಡವೇ, ಆದರೆ ಕನ್ನಡಿ ಹಿಡಿದರೆ ಮಾತ್ರ ಓದಬಹುದು. ತೊಡಿಸೋಣವೆಂದರೆ ಆ ಅಳತೆಯ ಮಗು ಮನೆಯಲ್ಲಿಲ್ಲ. ಒರೆಸೋಣವೆಂದರೆ ದೇವರಿದ್ದಾನೆ. ಸುಡೋಣವೆಂದರೆ ಅತ್ತೆ ಇದ್ದಾರೆ. ದೇವರಿದ್ದಾನೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು. ನಿಮಗೂ ಈಗ ಅಂಥ ಅವಸರವೇನೂ ಕಾಣುತ್ತಿಲ್ಲ.

ನಕಲು ನಮ್ಮ ವಂಶಕ್ಕೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ನಡುವೆ. ದೀಪಾವಳಿ ಹತ್ತಿರ ಬಂದರೆ ಅಮ್ಮ ನಮ್ಮನ್ನು ಕರೆದುಕೊಂಡು ದೊಡ್ಡ ಅಂಗಡಿಗೆ ಹೋಗುತ್ತಿದ್ದರು. ಗಾಜಿನೊಳಗಿನ ಗೊಂಬೆಯ ಮೈಮೇಲಿದ್ದ ಫ್ರಾಕನ್ನು ತೆಗೆಸಿ, ಒಳಮಗ್ಗುಲು ತಿರುಗಿಸಿ, ನೆರಿಗೆ ಎಣಿಸಿ, ಕಾಲರಿನಡಿ ಬೆರಳಾಡಿಸಿ, ತೋಳನ್ನು ಗೇಣಿನಲ್ಲಿ ಅಳೆದು, ಕಡೆಗೆ ಕಲರ್ ಸರಿಯಿಲ್ಲವೆಂದು ಮುಖ ಸಿಂಡರಿಸಿ ಇಳಿದು ಬರುತ್ತಿದ್ದರು. ದಾರಿಯುದ್ದಕ್ಕೂ ನಮ್ಮ ಜೊತೆ ಮಾತಿಲ್ಲ. ಮಾತಾಡಿದರೆ ನೆರಿಗೆ ಮರೆತುಹೋಗುತ್ತದೆ. ಮನೆಗೆ ಬಂದವರೇ ಹಳೆಯ ಪೇಪರು ಹಾಸಿ ಕತ್ತರಿ ಆಡಿಸುತ್ತಿದ್ದರು. ಒಂದೇ ತಾನಿನಲ್ಲಿ ನಮ್ಮಿಬ್ಬರು ಅಕ್ಕತಂಗಿಯರ ಫ್ರಾಕು, ತಮ್ಮನ ಷರ್ಟು, ಉಳಿದ ತುಂಡಿನಲ್ಲಿ ರೇಡಿಯೊಗೆ ಮುಸುಕು. ಹಬ್ಬದ ದಿನ ಬಂದ ನೆಂಟರು ರೇಡಿಯೊವನ್ನೂ ಸೇರಿಸಿ ನಮ್ಮನ್ನು ಎಣಿಸುತ್ತಿದ್ದರು. ಹಾಗೆಂದು ಅಂಗಡಿಯವನೂ ಸಾಚಾ ಅಲ್ಲ. ಅವನು ಬೊಂಬಾಯಿಯ ಯಾವುದೋ ಅಂಗಡಿಯ ಮುಂದೆ ನಿಂತು ನೋಡಿ ಬಂದಿದ್ದ.

ಬಟ್ಟೆಯ ಮೇಲೆ ಚಿತ್ರ ಇಳಿಯುವುದನ್ನು ನನಗೆ ಮೊದಲು ತೋರಿಸಿದವರು ಅಪ್ಪ. ನಮ್ಮದು ಮಾಧ್ವರ ಮನೆ. ಸ್ನಾನ ಆದೊಡನೆ ಗೋಪೀಚಂದನ ತೇದು, ಹಿತ್ತಾಳೆಯ ಮುದ್ರೆಗಳನ್ನು ಅದರಲ್ಲಿ ಅದ್ದಿ, ಶಂಖ ಚಕ್ರಗಳನ್ನು ತೋಳಿಗೂ ಎದೆಗೂ ಹೊಟ್ಟೆಗೂ ಒತ್ತಿಕೊಳ್ಳುತ್ತಿದ್ದರು. ಆಫೀಸಿಗೆ ಹೊತ್ತಾದ ದಿನ ಅದು ಒಣಗುವ ಮುಂಚೆಯೇ ಬನಿಯನ್ನು, ಅದರ ಮೇಲೆ ಷರ್ಟು. ಸಂಜೆ ಬಿಚ್ಚಿದಾಗ ಬನಿಯನ್ನಿನ ಒಳಗೆ ಇನ್ನೊಂದು ಶಂಖ, ಬಾಯಿ ಆ ಕಡೆಗೆ. ಅಮ್ಮ ಎಷ್ಟು ತಿಕ್ಕಿದರೂ ಹಳದಿ ಕಲೆ ಹೋಗುತ್ತಿರಲಿಲ್ಲ. ವಿಷ್ಣುವಿನ ಲಾಂಛನವನ್ನು ನಮ್ಮಪ್ಪ ದಿನಾ ಹೀಗೆ ನಕಲು ಮಾಡಿದರೂ ವೈಕುಂಠದಿಂದ ಒಂದು ನೋಟಿಸೂ ಬರಲಿಲ್ಲ.

ಇಂಥ ಮನೆಯಿಂದ, ಹೊಲಿಗೆ ಮಷೀನನ್ನು ಜೊತೆಗೆ ಕಟ್ಟಿಕೊಂಡು, ನಾನು ಮಾಂಬಲಂಗೆ ಸೊಸೆಯಾಗಿ ಬಂದೆ. ಇಲ್ಲಿ ಅತ್ತೆಯವರು ನಮ್ಮ ಬಡಾವಣೆಯ ಕನ್ನಡ ಮಹಿಳಾ ಮಂಡಳಿಯ ಅಧ್ಯಕ್ಷೆ. ಯಾವಾಗಿನಿಂದ ಎಂದು ಯಾರಿಗೂ ನೆನಪಿಲ್ಲ, ಚುನಾವಣೆ ನಡೆದ ನೆನಪು ಅವರಿಗೂ ಇಲ್ಲ. ಮಂಡಳಿ ಪ್ರತಿ ಕೃಷ್ಣಾಷ್ಟಮಿಗೂ ಮಕ್ಕಳ ಕೃಷ್ಣವೇಷ ಸ್ಪರ್ಧೆ ನಡೆಸುತ್ತದೆ. ತಾಯಂದಿರು ಜಗಳಾಡಿ, ಮಕ್ಕಳು ಅತ್ತು, ಎಲ್ಲರಿಗೂ ಪ್ರಥಮ ಬಹುಮಾನ ಕೊಟ್ಟು ಮುಗಿಸುವ ಸ್ಪರ್ಧೆ. ಈ ಜಗಳ ಸಾಕಾಗಿ, ಎರಡು ಸಾವಿರದ ಆರೋ ಏಳೋ ಇರಬೇಕು, ಅತ್ತೆ ಒಂದು ಹೊಸ ಯೋಜನೆ ಹೊರಡಿಸಿದರು. ಈ ಸಲ ವೇಷ ಬೇಡ, ಎಲ್ಲ ಮಕ್ಕಳಿಗೂ ಕೃಷ್ಣನ ಚಿತ್ರವಿರುವ ಒಂದೇ ಥರದ ಬಿಳಿ ಜುಬ್ಬ. ಹಾಕಿಕೊಂಡು ಭಾನುವಾರ ಸಂಜೆ ಮೆರವಣಿಗೆಯಲ್ಲಿ ಹಾಲ್‌ವರೆಗೆ ನಡೆಯಲಿ. ಅಂಗಡಿಯಲ್ಲಿ ಮಾಡಿಸಿದರೆ ದಂಡ, ಮನೆಯಲ್ಲೇ ಹೊಲಿದು ಮನೆಯಲ್ಲೇ ಅಚ್ಚು ಹಾಕುವುದು. ಮನೆ ಎಂದರೆ ನಮ್ಮ ಮನೆ, ಹೊಲಿಯುವುದು ಎಂದರೆ ನಾನು ಎಂದು ಪ್ರತ್ಯೇಕವಾಗಿ ಹೇಳುವ ಅಗತ್ಯ ಅತ್ತೆಗೆ ಕಾಣಲಿಲ್ಲ.

ಆ ದಿನಗಳಲ್ಲಿ ಹೊಸದಾಗಿ ಒಂದು ಕಾಗದ ಬಂದಿತ್ತು. ಕಂಪ್ಯೂಟರಿನ ಚಿತ್ರವನ್ನು ಅದರ ಮೇಲೆ ತೆಗೆದು, ಬಟ್ಟೆಯ ಮೇಲೆ ಕವುಚಿ ಹಾಕಿ ಇಸ್ತ್ರಿ ಉಜ್ಜಿದರೆ ಚಿತ್ರ ಬಟ್ಟೆಗೆ ಅಂಟಿಕೊಳ್ಳುತ್ತದೆ. ನಮ್ಮವರು ಮೌಂಟ್ ರೋಡಿನ ಆಚೆಯ ಗಲ್ಲಿಯಲ್ಲಿ ಅದನ್ನು ಹುಡುಕಿ ತಂದರು. ನಾನು ಪುರಸೈವಾಕ್ಕಂಗೆ ಹೋಗಿ ಬಿಳಿ ಬಟ್ಟೆಯ ತಾನು ತಂದೆ, ಕತ್ತರಿಸಿದೆ, ಹೊಲಿದೆ. ಎಲ್ಲ ಆದ ಮೇಲೆ ಅತ್ತೆಯವರಿಗೆ ಧರ್ಮಸಂಕಟ ಶುರುವಾಯಿತು.

"ದೇವರನ್ನ ಎದೆ ಮೇಲೆ ಹಾಕ್ಕೊಂಡು ಮಗು ಬಾತ್‌ರೂಮಿಗೆ ಹೋದ್ರೆ ಏನು ಗತಿ?" ಎಂದರು. "ಜೊಲ್ಲು ಸುರಿಸ್ಕೊಂಡ್ರೆ?"

ಪ್ರಶ್ನೆ ಸಣ್ಣದಲ್ಲ. ಎದುರು ಫ್ಲ್ಯಾಟಿನ ಸೇತು ಮಾಮಾ ಅವರನ್ನು ಕರೆಸಲಾಯಿತು. ಸೇತುಮಾಧವ ರಾಯರು ರಿಟೈರಾಗುವ ತನಕ ಹೈಕೋರ್ಟಿನ ಎದುರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಕೋರ್ಟಿನೊಳಗೆ ಕಾಲಿಟ್ಟವರಲ್ಲ, ಆದರೆ ಆ ಕಡೆಯ ಗಾಳಿ ಅಷ್ಟು ವರ್ಷ ಇವರ ಕಿಟಕಿಗೆ ಬೀಸಿದ್ದರಿಂದ ಲಾ ಅವರಿಗೆ ತಾನಾಗಿ ಬಂದಿತ್ತು. ಶಾಸ್ತ್ರ ಹುಟ್ಟಿನಿಂದಲೇ ಬಂದಿತ್ತು. ಅವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ತೀರ್ಪು ಕೊಟ್ಟರು.

"ದೇವರ ಚಿತ್ರ ಹಾಕಿದ್ರೆ ತಾನೇ ದೋಷ? ದೇವರ ವೇಷ ಹಾಕಿದ ಮಗು ಫೋಟೋ ಹಾಕಿ. ನೋಡೋವ್ರಿಗೆ ಕೃಷ್ಣ, ಶಾಸ್ತ್ರಕ್ಕೆ ನರಮನುಷ್ಯ."

ನಮಗೆಲ್ಲ ಕತ್ತಲಲ್ಲಿ ದೀಪ ಹಚ್ಚಿದಂತಾಯಿತು. ದೇವರ ಚಿತ್ರವನ್ನೇ ಹಾಕಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಕ್ಯಾಲೆಂಡರಿನ ಕೃಷ್ಣ ಯಾರ ಮೇಲೂ ದಾವೆ ಹೂಡಿದವನಲ್ಲ, ಬೆಣ್ಣೆ ಕದ್ದವನು ಚಿತ್ರ ಕದ್ದವರನ್ನು ಯಾವ ಬಾಯಲ್ಲಿ ಬಯ್ಯುತ್ತಾನೆ. ದೇವರಿಗೆ ಅಪಚಾರವಾಗಬಾರದೆಂದು ನಾವು ಮನುಷ್ಯರ ತಂಟೆಗೆ ಹೋದೆವು. ಮನುಷ್ಯರಿಗೆ ಅಪಚಾರವಾದೀತೇ ಎಂಬ ಪ್ರಶ್ನೆ ಶಾಸ್ತ್ರದಲ್ಲಿ ಬರುವುದಿಲ್ಲ.

ರಾತ್ರಿಯೂಟಕ್ಕೆ ಮುಂಚೆ ಹುಡುಕಾಟ. ನಮ್ಮ ಕಂಪ್ಯೂಟರಿಗೆ ಅತ್ತೆಯವರ ಕೈಯ ಕ್ರೋಶ ಮುಸುಕಿತ್ತು. ಅದನ್ನು ತೆಗೆಯುವುದು, ಮಡಿಸುವುದು, ಫೋನಿನ ತಂತಿ ಬಿಚ್ಚಿ ಇದಕ್ಕೆ ಸಿಕ್ಕಿಸುವುದು, ಅದು ಕೀರಲು ದನಿಯಲ್ಲಿ ಕಿರುಚಿಕೊಳ್ಳುವುದು, ಇಷ್ಟಾದ ಮೇಲೆ ಇಂಟರ್ನೆಟ್. ಚಿತ್ರ ತಲೆಯಿಂದ ಕೆಳಕ್ಕೆ, ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ನವಿಲುಗರಿ ಬಂತು. ಅತ್ತೆ ಆಗಲೇ ಕೈಮುಗಿದರು. ಹಣೆಯ ನಾಮ ಬಂತು, ಕಾಡಿಗೆ ಹಚ್ಚಿದ ಕಣ್ಣು ಬಂತು, ಲಿಪ್‌ಸ್ಟಿಕ್ ಬಳಿದ ಬಾಯಿ ಬಂತು. ಎರಡು ವರ್ಷದ ಮಗು, ಮುಖಕ್ಕೆ ಯಾರೋ ಕಂಪ್ಯೂಟರಿನಲ್ಲಿ ತೆಳು ನೀಲಿ ಬಣ್ಣ ಹಚ್ಚಿದ್ದರು, ಹಿಂದೆ ಯಮುನಾ ನದಿ. ಆನಂದ ತಡೆಯಲಾರದೆ ಅತ್ತೆ ತಮ್ಮ ಮಗಳು ಮಾಲತಿಗೆ ಹೇಳಬೇಕೆಂದು ಬೆಡ್‌ರೂಮಿಗೆ ಹೋಗಿ ಇನ್ನೊಂದು ಫೋನು ಎತ್ತಿದರು. ಕನೆಕ್ಷನ್ ಕತ್ತರಿಸಿಹೋಗಿ, ಕೃಷ್ಣ ಕತ್ತಿನವರೆಗೆ ಬಂದು ನಿಂತ. ಎರಡನೆಯ ಸಲ ಪೂರ್ತಿ ಇಳಿದಾಗ ನಮ್ಮವರು ಕನ್ನಡಕ ಏರಿಸಿ ನೋಡಿ ನಿಟ್ಟುಸಿರು ಬಿಟ್ಟರು. ಎಂಥ ಕಳೆ ನೋಡು, ನಮ್ಮ ಕಡೆಯ ಮಕ್ಕಳಿಗೆ ಇಂಥ ಮುಖ ಬರುವುದಿಲ್ಲ ಎಂದರು.

ಮಗುವಿನ ಎಡಗೈಯಲ್ಲಿ ಕಪ್ಪಗೆ ದುಂಡಗೆ ಏನೋ ಇತ್ತು. ಬೆಣ್ಣೆಯಂತೂ ಅಲ್ಲ. ಸೇತು ಮಾಮಾ ಬಂದು ಪರದೆಗೆ ಮೂಗು ತಾಗಿಸಿ ಪರೀಕ್ಷಿಸಿ, ಅದು ಕೃಷ್ಣ ತಿಂದ ಮಣ್ಣು ಎಂದರು. ಬೆಣ್ಣೆ ಎಲ್ಲರೂ ಹಿಡಿಸುತ್ತಾರೆ, ಮಣ್ಣು ಹಿಡಿಸಿದವನು ನಿಜವಾಗಿ ತತ್ತ್ವ ತಿಳಿದವನು ಎಂದು ಹತ್ತು ನಿಮಿಷ ವ್ಯಾಖ್ಯಾನವಾಯಿತು. ನಾವು ತಲೆದೂಗಿದೆವು.

ತೊಡಕು ಇದ್ದದ್ದು ಮೂಲೆಯಲ್ಲಿ. ಅದೊಂದು ಗ್ರೀಟಿಂಗ್ ಕಾರ್ಡ್ ಕಳಿಸುವ ಸೈಟು. ಚಿತ್ರದ ಬಲ ಮೂಲೆಯಲ್ಲಿ ಸೊನ್ನೆಯೊಳಗೆ ಒಂದು ಸಿ ಅಕ್ಷರ ಕೂತು ನಮ್ಮನ್ನೇ ನೋಡುತ್ತಿತ್ತು. ನಮ್ಮವರ ಆಫೀಸಿನಲ್ಲಿ ಅದೇ ತಿಂಗಳು ಯಾರೋ ಟೈ ಕಟ್ಟಿದವರು ಬಂದು ಕಾಪಿರೈಟ್ ಬಗ್ಗೆ ಭಾಷಣ ಮಾಡಿ, ಜೈಲಿನ ಚಿತ್ರ ತೋರಿಸಿ ಹೋಗಿದ್ದರು. ನಮ್ಮವರು ನಿದ್ದೆ ಕೆಟ್ಟು, ಸೈಟಿನವರಿಗೆ ಒಂದು ಇ-ಮೇಲ್ ಬರೆದರು. ನಾವು ಮಾಂಬಲಂನ ಮರ್ಯಾದಸ್ಥ ಕುಟುಂಬದವರು, ಭಗವತ್ಕಾರ್ಯಕ್ಕಾಗಿ ತಮ್ಮ ಚಿತ್ರ ಬಳಸಲು ಅಪ್ಪಣೆಯಾಗಬೇಕು ಎಂಬ ಅರ್ಥದ ಇಂಗ್ಲಿಷ್. ಮರುಕ್ಷಣವೇ ಉತ್ತರ ಬಂತು. ತೆರೆದರೆ ಒಂದು ಕರಡಿಮರಿ ಹೃದಯ ಹಿಡಿದು ಕುಣಿಯುತ್ತಿತ್ತು; ನಿಮ್ಮನ್ನು ಪ್ರೀತಿಸುವವರೊಬ್ಬರು ಇದನ್ನು ಕಳಿಸಿದ್ದಾರೆ ಎಂದು ಬರೆದಿತ್ತು. ಬೇಡವೆಂದಿಲ್ಲವಲ್ಲ ಎಂದರು ಸೇತು ಮಾಮಾ. ಮೌನಂ ಸಮ್ಮತಿ ಲಕ್ಷಣಂ, ಇಲ್ಲಿ ಮೌನವೂ ಅಲ್ಲ, ಆಶೀರ್ವಾದವನ್ನೇ ಮಾಡಿದ್ದಾರೆ.

ಆದರೂ ಇರಲಿ ಎಂದು ಅವರು ಇನ್ನೊಂದು ರಕ್ಷೆ ಕಟ್ಟಿದರು. ಕನ್ನಡ ಸ್ಮರಣ ಸಂಚಿಕೆಗಳನ್ನು ಓದಿದವರಿಗೆ ಇದು ಗೊತ್ತು. ಯಾರದೋ ತೋಟದ ಹೂವನ್ನು ಕೇಳದೆ ಕಿತ್ತು ತಂದು, ಕೆಳಗೆ ಸಣ್ಣಗೆ 'ಚಿತ್ರಕೃಪೆ: ಇಂಟರ್ನೆಟ್' ಎಂದು ಹಾಕಿಬಿಟ್ಟರೆ ನಮ್ಮಲ್ಲಿ ಕಳ್ಳತನ ಕಳೆದು ವಿನಯವಾಗುತ್ತದೆ. ಇಂಟರ್ನೆಟ್ ಎಂಬ ಪುಣ್ಯಾತ್ಮ ಯಾರು, ಎಲ್ಲಿದ್ದಾನೆ, ಯಾವಾಗ ಕೃಪೆ ಮಾಡಿದ ಎಂದು ಈ ತನಕ ಯಾವ ಸಂಪಾದಕರೂ ವಿಚಾರಿಸಿಲ್ಲ. ನಾವೂ ಮೂಲೆಯ ಸಿ ಅಕ್ಷರವನ್ನು ಕತ್ತರಿಸಿ, ಪಾದದ ಕೆಳಗೆ ಕೃಪೆಯನ್ನು ಸೇರಿಸಿದೆವು.

ಮೊದಲನೆಯ ಜುಬ್ಬ ಕೆಟ್ಟಿತು. ಕಾಗದದ ಮೇಲೆ ಚಿತ್ರವನ್ನು ತಿರುಗಿಸಿ ಅಚ್ಚು ಮಾಡಬೇಕೆಂದು ನಮ್ಮವರು ಓದಿರಲಿಲ್ಲ. ಅಕ್ಷರವೆಲ್ಲ ಉಲ್ಟಾ ಬಂತು. ನಮ್ಮ ಮಂಡಳಿಯ ಮಕ್ಕಳಿಗೆ ಕನ್ನಡ ಸೀದಾ ಇದ್ದರೂ ಓದಲು ಬರುವುದಿಲ್ಲ, ಉಲ್ಟಾ ಇದ್ದರೇನು ನಷ್ಟ ಎಂದು ನಾನಂದೆ. ಅಧ್ಯಕ್ಷೆಗೆ ಇದು ಹಿಡಿಸಲಿಲ್ಲ. ಅಪ್ಪನ ಬನಿಯನ್ನಿನ ಶಂಖ ನೋಡಿ ಬೆಳೆದ ನನಗೇ ಇದು ಮೊದಲು ಹೊಳೆಯಬೇಕಿತ್ತು. ಆ ಜುಬ್ಬವನ್ನು ಅಟ್ಟಕ್ಕೆ ಎಸೆದು, ಮಿಕ್ಕ ಮೂವತ್ತು ಚಿಲ್ಲರೆಗೆ ಕಾಗದದ ಮೇಲೆ ಚಿತ್ರವನ್ನು ಸರಿಯಾಗಿ ತಿರುಗಿಸಿ ತೆಗೆದಿಟ್ಟುಕೊಂಡೆವು.

ಮೆರವಣಿಗೆಯ ಹಿಂದಿನ ದಿನ, ಶನಿವಾರ, ಇಸ್ತ್ರಿಯ ಕೆಲಸಕ್ಕೆ ಮಾಲತಿ ವೇಲಚೇರಿಯಿಂದ ಬಂದಳು. ನನ್ನ ನಾದಿನಿ, ಬ್ಯಾಂಕಿನಲ್ಲಿ ಕೆಲಸ, ಹಿಡಿದ ಕೆಲಸ ಬಿಡದ ಹೆಣ್ಣು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳೇ ಉಜ್ಜಿದಳು. ಮಗು ಮುದ್ದಾಗಿದೆ, ದೃಷ್ಟಿಯಾದೀತು ಎಂದು ಒಂದೆರಡು ಸಲ ನೆಟಿಕೆ ಕೂಡ ಮುರಿದಳು. ಅವಳ ಮಗಳು ಚೈತ್ರಾ ಮಧ್ಯಾಹ್ನ ಟ್ಯೂಷನ್ ಮುಗಿಸಿ ಊಟಕ್ಕೆ ಬಂದಳು. ಹದಿನಾರು ವರ್ಷ, ಪ್ಲಸ್ ಒನ್, ಅಂದರೆ ಕರ್ನಾಟಕದವರ ಪಿಯುಸಿ. ಎಲ್‌ಕೆಜಿಗೆ ಹೋಗುವ ತನಕ ನನ್ನನ್ನು ಅತ್ತೆ ಎಂದು ಕರೆಯುತ್ತಿದ್ದವಳು, ಆಮೇಲೆ ಮಾಮಿ ಎಂದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ಉತ್ತರಿಸುವ ಮನಸ್ಸಿದ್ದರೆ.

ಬಾಲ್ಕನಿಯ ಹಗ್ಗದ ಮೇಲೆ ಜುಬ್ಬಗಳು ಸಾಲಾಗಿ ನೇತಾಡುತ್ತಿದ್ದವು. ಅವಳು ಚಪ್ಪಲಿ ಬಿಡದೆ ಅಲ್ಲೇ ನಿಂತಳು. ಒಂದು ಜುಬ್ಬವನ್ನು ಹತ್ತಿರಕ್ಕೆ ಎಳೆದು ನೋಡಿದಳು.

"ಮಾಮಿ, ಕೈಲೆ ಎನ್ನ ಅದು?" ಎಂದು ಕೇಳಿದಳು.

ಮಗುವಿನ ಕೈಯಲ್ಲಿರುವುದು ಏನೆಂದು ನಾನು ಸೇತು ಮಾಮಾ ಅವರ ವ್ಯಾಖ್ಯಾನವನ್ನು ಚುಟುಕಾಗಿ ಹೇಳಿದೆ.

"ಮಣ್ಣು ಇಲ್ಲೆ. ಅದು ಫಿಲ್ಮ್ ರೋಲ್ ಮೂಡಿ."

ಮಣ್ಣಲ್ಲವಂತೆ. ಮೂಡಿ ಎಂದರೆ ಮುಚ್ಚಳ. ಆಗ ಕ್ಯಾಮೆರಾದ ರೀಲು ಬರುತ್ತಿದ್ದ ಪುಟ್ಟ ಡಬ್ಬಿಯ ಕಪ್ಪು ಮುಚ್ಚಳ. ಮಾಲತಿಯ ಕೈಯಲ್ಲಿ ಇಸ್ತ್ರಿ ನಿಂತುಬಿಟ್ಟಿತು. ಯಾಕೆಂದರೆ ಆ ಮುಚ್ಚಳದ ಕಥೆಯನ್ನು ಮಾಲತಿಯೇ ಪ್ರತಿ ಹಬ್ಬದ ಊಟದಲ್ಲೂ ನಮಗೆ ಹೇಳುತ್ತಿದ್ದಳು. ಎರಡು ವರ್ಷದ ಚೈತ್ರಾಗೆ ಕೃಷ್ಣನ ವೇಷ ಹಾಕಿ ಪುರಸೈವಾಕ್ಕಂನ ಸ್ಟುಡಿಯೊಗೆ ಕರೆದೊಯ್ದದ್ದು, ಅವಳು ಅತ್ತು ರಂಪ ಮಾಡಿದ್ದು, ಫೋಟೋದವರು ಸುಮ್ಮನಿರಿಸಲು ಒಂದು ಮುಚ್ಚಳ ಕೊಟ್ಟದ್ದು, ಬೆಣ್ಣೆಯ ಗಡಿಗೆ ಒಪ್ಪದೆ ಆ ಮುಚ್ಚಳವನ್ನೇ ಹಿಡಿದು ಫೋಟೋ ತೆಗೆಸಿಕೊಂಡದ್ದು. ಆ ಫೋಟೋ ಎಷ್ಟೋ ವರ್ಷ ಸ್ಟುಡಿಯೊದ ಗಾಜಿನ ಕಿಟಕಿಯಲ್ಲಿತ್ತು. ಇಡಲೇ ಎಂದು ಅವರು ಯಾರನ್ನೂ ಕೇಳಿರಲಿಲ್ಲ, ಇಟ್ಟಿದ್ದಾರೆಂದು ನಾವೆಲ್ಲ ಉಬ್ಬಿಹೋಗಿದ್ದೆವು. ಸ್ಟುಡಿಯೊ ಮುಚ್ಚಿದಾಗ ಮಾಲೀಕರ ಮಗ ಹಳೆಯ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಇಂಟರ್ನೆಟ್ಟಿಗೂ ಏರಿಸಿದನಂತೆ. ಅಲ್ಲಿಂದ ಯಾರು ಎತ್ತಿಕೊಂಡರೋ, ಯಾರು ನೀಲಿ ಬಳಿದರೋ, ಯಾರು ಯಮುನೆ ಹರಿಸಿದರೋ. ಕಡೆಗೆ ಕಾರ್ಡಿನ ಸೈಟು ಅದರ ಮೇಲೆ ತನ್ನ ಸಿ ಒತ್ತಿ ಕೂತಿತ್ತು. ಇಂಥ ಕಳೆ ನಮ್ಮ ಕಡೆ ಬರುವುದಿಲ್ಲ ಎಂದ ಸೋದರಮಾವ, ಕೈಮುಗಿದ ಅಜ್ಜಿ, ಮೂರು ಗಂಟೆ ಇಸ್ತ್ರಿ ಉಜ್ಜಿ ನೆಟಿಕೆ ಮುರಿದ ತಾಯಿ, ಒಬ್ಬರಿಗೂ ಗುರುತು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಇಸ್ತ್ರಿಯಡಿಯ ಜುಬ್ಬ ಸೀದ ವಾಸನೆ ಬಂತು.

ನಮಗೆ ನಾಚಿಕೆಯಾಯಿತು ಎಂದುಕೊಂಡಿರಾ? ಸಂಭ್ರಮವಾಯಿತು. ಅಯ್ಯೋ ನಮ್ಮ ಮಗೂನೇ ಎಂದು ಅತ್ತೆ ಒಂದು ಜುಬ್ಬವನ್ನು ಎದೆಗವುಚಿಕೊಂಡರು. ನಮ್ಮವರ ಮುಖದ ಮೇಲಿಂದ ಜೈಲು ಇಳಿದುಹೋಯಿತು. ನಮ್ಮದೇ ಮಗು ಎಂದ ಮೇಲೆ ಕಾಪಿರೈಟ್ ನಮ್ಮದೇ ಆಯಿತಲ್ಲ. ಸೇತು ಮಾಮಾ ಅವರನ್ನು ಮತ್ತೆ ಕರೆಸಲಾಯಿತು. ಅವರು ಕೃಪೆಯ ಸಾಲನ್ನು ತಿದ್ದಿ ಹುಡುಗಿಯ ಹೆಸರು ಹಾಕಿಸಬಹುದೆಂದೂ, ನಾಳೆ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಬಹುದೆಂದೂ ಸೂಚಿಸಿದರು. ಆದರೆ ಲಾ ಪ್ರಕಾರ ಚಿತ್ರ ಯಾರದ್ದು ಎಂಬುದು ಮೊದಲು ಇತ್ಯರ್ಥವಾಗಬೇಕಲ್ಲ.

ಇಲ್ಲಿಂದ ಮುಂದೆ ನಡೆದದ್ದು ಪಿತ್ರಾರ್ಜಿತ ಆಸ್ತಿಯ ಪಾಲು. ಹಣ ಕೊಟ್ಟವರದ್ದೇ ಚಿತ್ರ, ಸ್ಟುಡಿಯೊಗೆ ಕೊಟ್ಟದ್ದು ನನ್ನ ಗಂಡ ಎಂದಳು ಮಾಲತಿ. ವೇಷ ಹಾಕಿಸಬೇಕೆಂಬ ಯೋಚನೆಯೇ ನನ್ನದು, ಇಲ್ಲದಿದ್ದರೆ ಅಳಿಯನಿಗೆ ಎಲ್ಲಿ ಹೊಳೆಯುತ್ತಿತ್ತು ಎಂದರು ಅತ್ತೆ. ಇಡೀ ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದದ್ದು ತಾವು ಎಂದರು ನಮ್ಮವರು. ಮಗು ಉಟ್ಟ ಹಳದಿ ಪೀತಾಂಬರ ನಾನು ಹೊಲಿದದ್ದು ಎಂದು ನನಗೂ ಆಗಲೇ ನೆನಪಾಗಬೇಕೇ? ಅದನ್ನೂ ಹೇಳಿದೆ. ಕ್ಲಿಕ್ ಮಾಡಿದವನದ್ದೇ ಎಂಬ ಒಂದು ಪಕ್ಷವೂ ಇದೆ ಎಂದು ಸೇತು ಮಾಮಾ ಹಿಂದೆಯೇ ಸ್ಟುಡಿಯೊದವರ ಪರವಾಗಿಯೂ ಸ್ವಲ್ಪ ವಾದಿಸಿದರು.

ಚೈತ್ರಾ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದಳು. ನಾಳೆ ಮೆರವಣಿಗೆ ಹೋಗುವ ಹಾಲ್ ಅವಳ ಟ್ಯೂಷನ್ ಸೆಂಟರಿನ ಎದುರಿಗಿತ್ತು. ಸಂಜೆ ಅಷ್ಟು ಹೊತ್ತಿಗೆ ಅವಳ ಕ್ಲಾಸಿನ ಹುಡುಗ ಹುಡುಗಿಯರೆಲ್ಲ ಹೊರಗೆ ಬರುತ್ತಾರೆ. ಹಿಂದೆ ಒಂದು ಸಲ ಯಾರೋ ಸಹಪಾಠಿ ಸ್ಟುಡಿಯೊ ಕಿಟಕಿಯ ಫೋಟೋ ನೋಡಿ, ಅವಳಿಗೆ ಶಾಲೆಯಲ್ಲಿ 'ವೆಣ್ಣೆ' ಎಂದು ಹೆಸರಿಟ್ಟಿದ್ದರು. ವೆಣ್ಣೆ ಎಂದರೆ ಬೆಣ್ಣೆ. ಈ ಊರಿನಲ್ಲಿ ದಡ್ಡ ಶಿಖಾಮಣಿ ಎಂದೂ ಆಗುತ್ತದೆ. ಟೆಂತ್ ಮುಗಿಯುವವರೆಗೆ ಆ ಹೆಸರು ಬಿಟ್ಟಿರಲಿಲ್ಲ. ಪ್ಲಸ್ ಒನ್‌ಗೆ ಹಟ ಹಿಡಿದು ಬೇರೆ ಶಾಲೆ ಸೇರಿದ್ದಳು. ಹೊಸ ಶಾಲೆಯಲ್ಲಿ ಅವಳು ಬರೀ ಚೈತ್ರಾ. ನಾಳೆ ಅದು ಮುಗಿಯುವುದರಲ್ಲಿತ್ತು, ಒಂದು ಎದೆಯ ಮೇಲಲ್ಲ, ಮೂವತ್ತು ಎದೆಗಳ ಮೇಲೆ.

"ಎಲ್ಲಾರ್ಕೂ ಪಂಗು ಇರುಕ್ಕು," ಎಂದಳು. "ಮೂಂಜಿ ಮಟ್ಟುಂ ಎನ್ನೋಡದು. ಎನ್ನೆ ಯಾರೂ ಕೇಕ್ಕಲೆ."

ಎಲ್ಲರಿಗೂ ಪಾಲಿದೆ, ಮೂತಿ ಮಾತ್ರ ನನ್ನದು, ನನ್ನನ್ನು ಯಾರೂ ಕೇಳಲಿಲ್ಲ ಎಂದು ಅರ್ಥ. ಕೂಗಿ ಹೇಳಲಿಲ್ಲ. ಎರಡು ವರ್ಷದ ಮಗುವನ್ನು ಏನೆಂದು ಕೇಳುವುದು ಎಂದು ಅತ್ತೆ ಗೊಣಗಿದರು.

"ಈಗ ಕೇಳಿ," ಎಂದಳು ಚೈತ್ರಾ. ಕನ್ನಡದಲ್ಲಿ.

ಅತ್ತೆ ಸೆರಗು ಸರಿಮಾಡಿಕೊಂಡು, ಸಭೆಯಲ್ಲಿ ಕೇಳುವ ದನಿಯಲ್ಲಿ, "ಸರಿಯಮ್ಮಾ, ಮಕ್ಕಳಿಗೆ ಹಾಕಲಾ?" ಎಂದು ಕೇಳಿದರು.

"ಬೇಡ."

"ಬೇಡ ಅಂದ್ರೆ ಹ್ಯಾಗೆ? ಆಗ್ಲೇ ಇಸ್ತ್ರಿ ಆಗ್ಹೋಗಿದೆ."

ನಮ್ಮಲ್ಲಿ ಅಪ್ಪಣೆ ಕೇಳುವ ಕ್ರಮವೇ ಹೀಗೆ. ಮದುವೆ ನಿಶ್ಚಯವಾದ ಮೇಲೆ ಹುಡುಗಿಗೆ ಒಪ್ಪಿಗೆಯೇ ಎಂದು ಕೇಳುತ್ತೇವೆ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದು. ಚೈತ್ರಾ ಇನ್ನೇನೂ ಹೇಳದೆ ಬಾಲ್ಕನಿಗೆ ಹೋಗಿ, ತನ್ನದೇ ಮುಖಗಳ ಸಾಲಿಗೆ ಬೆನ್ನು ಮಾಡಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಅಪ್ರಾಪ್ತ ವಯಸ್ಕರ ಒಪ್ಪಿಗೆ ತಂದೆತಾಯಿಗಳದ್ದೇ ಆಗುತ್ತದೆ, ಲಾ ಹಾಗಿದೆ ಎಂದು ಸೇತು ಮಾಮಾ ಮಾಲತಿಯ ಕಡೆ ನೋಡಿದರು. ಮಾಲತಿ ಸೀದ ಜುಬ್ಬವನ್ನು ಮಡಿಸುತ್ತಾ, ಬಿಚ್ಚುತ್ತಾ ಇದ್ದಳು. ಕಣ್ಣು ತುಂಬಿತ್ತು. ಬೇಡ ಎನ್ನುವ ಧೈರ್ಯ ಅಮ್ಮನೆದುರು ಅವಳಿಗೆ ಯಾವ ಕಾಲಕ್ಕೂ ಬಂದದ್ದಿಲ್ಲ.

ನಾನು ಕೂತಲ್ಲಿಗೆ ಆ ಹುಡುಗಿಯ ಬೆನ್ನು ಕಾಣುತ್ತಿತ್ತು. ಪೀತಾಂಬರದ ಪಾಲು ಕೇಳಿದ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಮೂಲೆಯಲ್ಲಿ ತಾನಿನ ಉಳಿಕೆ ತುಂಡುಗಳಿದ್ದವು. ಎದ್ದು ಮಷೀನಿನ ಮುಂದೆ ಕೂತು, ಒಂದು ಜುಬ್ಬ ಎಳೆದುಕೊಂಡು, ಚಿತ್ರದ ಮೇಲೆ ಸರಿಯಾಗಿ ಕೂರುವಂತೆ ಒಂದು ದೊಡ್ಡ ಜೇಬು ಇಟ್ಟು ಹೊಲಿಯತೊಡಗಿದೆ. ದೇವರ ಮುಖ ಮುಚ್ಚುತ್ತೀಯಾ ಎಂದು ಅತ್ತೆ ಓಡಿ ಬಂದರು.

"ದೇವರಲ್ಲವಲ್ಲ ಅತ್ತೆ," ಎಂದೆ. "ಶಾಸ್ತ್ರಕ್ಕೆ ನರಮನುಷ್ಯ ಅಂತ ಮಾಮಾ ಹೇಳಿದಾರೆ."

ತಮ್ಮ ತೀರ್ಪನ್ನು ತಾವೇ ತಳ್ಳಿಹಾಕುವ ಅಭ್ಯಾಸ ಸೇತು ಮಾಮಾ ಅವರಿಗಿರಲಿಲ್ಲ. ಮಕ್ಕಳಿಗೆ ಪ್ರಸಾದ ಹಾಕಿಕೊಳ್ಳಲು ಜೇಬು ಬೇಕೇ ಬೇಕು ಎಂದು ಕಡೆಗೆ ಅವರೇ ಅತ್ತೆಗೆ ಸಮಾಧಾನ ಹೇಳಿದರು. ಸಂಜೆಯೊಳಗೆ ನಾನು ಜೇಬು ಹೊಲಿದೆ, ಮಾಲತಿ ಪಕ್ಕದಲ್ಲಿ ಕೂತು ದಾರ ಕತ್ತರಿಸಿದಳು. ಅಷ್ಟು ಹೊತ್ತಿಗೆ ಚೈತ್ರಾ ಒಳಗೆ ಬಂದು ಮೊಸರನ್ನದ ತಟ್ಟೆ ಹಿಡಿದು ನನ್ನ ಹತ್ತಿರ ನೆಲದ ಮೇಲೆ ಕೂತಿದ್ದಳು.

ಜೇಬಿಗೆ ಬಟ್ಟೆ ಸಾಲದೆ ಅದು ಚಿತ್ರದ ಕೃಷ್ಣನ ಮೊಣಕಾಲಿನವರೆಗೆ ಮಾತ್ರ ಬಂದಿತ್ತು. ಹಾಗಾಗಿ ಮರುದಿನ ಮಾಂಬಲಂನ ಬೀದಿಯಲ್ಲಿ ಹೊರಟದ್ದು ವಿಚಿತ್ರ ಮೆರವಣಿಗೆ. ಪ್ರತಿ ಮಗುವಿನ ಎದೆಯ ಮೇಲೂ ಒಂದು ಜೇಬು, ಜೇಬಿನಡಿಯಿಂದ ಎರಡು ಗೆಜ್ಜೆಯ ಕಾಲು, ಅದರ ಕೆಳಗೆ 'ಚಿತ್ರಕೃಪೆ: ಇಂಟರ್ನೆಟ್'. ಮಕ್ಕಳು ಜೇಬಿಗೆ ಚಕ್ಕುಲಿ, ಅವಲಕ್ಕಿ ತುಂಬಿಕೊಂಡಿದ್ದರು, ಒಬ್ಬ ಮಹಾಶಯ ಬೆಣ್ಣೆಯನ್ನೇ ತುಂಬಿಕೊಂಡಿದ್ದ. ಮುಖ್ಯ ಅತಿಥಿಗಳು ಮುಂದಿನ ಸಾಲಿನ ಜುಬ್ಬವನ್ನು ಗಮನವಿಟ್ಟು ಓದಿ, ಇಂದಿನ ಪೀಳಿಗೆಗೆ ಜೇಬು ಕೂಡ ಇಂಟರ್ನೆಟ್ಟಿನ ಕೃಪೆಯಿಂದಲೇ ಬರಬೇಕಾಗಿದೆ ಎಂದು ಖೇದದಿಂದ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಎದುರು ಟ್ಯೂಷನ್ ಸೆಂಟರಿನ ಮೆಟ್ಟಿಲ ಮೇಲೆ ಚೈತ್ರಾ ಗೆಳತಿಯರ ಜೊತೆ ನಿಂತು, ಪ್ರಸಾದದ ಚಕ್ಕುಲಿ ಕಡಿಯುತ್ತಾ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಕೆಟ್ಟ ಜುಬ್ಬ ಮಾತ್ರ ಜೇಬಿಲ್ಲದೆ ಅಟ್ಟದ ಮೇಲೆ ಉಳಿದುಹೋಯಿತು. ನರಮನುಷ್ಯ ಎಂದು ಎಷ್ಟು ಹೇಳಿದರೂ ಭೋಗಿಯ ಬೆಂಕಿಗೆ ಅದನ್ನು ಹಾಕಲು ಅತ್ತೆ ಒಪ್ಪಲಿಲ್ಲ. ನನಗೂ ನಿಜ ಹೇಳಬೇಕೆಂದರೆ ಕೈ ಬರಲಿಲ್ಲ. ದೇವರಾಗಿದ್ದರೆ ಹಾಕುತ್ತಿದ್ದೆನೇನೋ, ಮನೆ ಮಗುವಿನ ಮುಖವನ್ನು ಹೇಗೆ ಹಾಕುವುದು.

ಈ ಸಲದ ಭೋಗಿಗೆ ಚೈತ್ರಾ ಬೆಳಗ್ಗೆಯೇ ತನ್ನ ಸ್ಕೂಟರಿನಲ್ಲಿ ಬಂದಳು. ಈಗ ಕಾಲೇಜು. ವೇಲಚೇರಿಯಿಂದ ಮಾಂಬಲಂವರೆಗೆ ಬೀದಿ ಬೀದಿಯ ಹೊಗೆಯಲ್ಲಿ ಬಂದು ಸ್ಕೂಟರಿನ ಮೇಲೆಲ್ಲ ಬೂದಿ ಕೂತಿತ್ತು. ಗೇಟಿನ ಬಳಿ ನಮ್ಮವರು ಬೆಂಕಿ ಕೆದಕುತ್ತಿದ್ದರು, ಅತ್ತೆ ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ನಡೆಸುತ್ತಿದ್ದರು. ನಾನು ಅಟ್ಟದ ಗಂಟು ಬಿಚ್ಚಿ ಕೂತಿದ್ದೆ. ಎಂದಿನಂತೆ ಆ ಜುಬ್ಬ ಮೇಲೆಯೇ ಇತ್ತು, ವಾಪಸು ಹೋಗಲು ತಯಾರಾಗಿ.

ಚೈತ್ರಾ ಬಗ್ಗಿ ಅದನ್ನು ಎತ್ತಿ ಬಿಡಿಸಿ ನೋಡಿದಳು. ನೀಲಿ ಮುಖ, ಕಾಡಿಗೆ, ಮುಚ್ಚಳ. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಮಿ, ಇದನ್ನ ನಾನು ತೊಗೊಳ್ಲಾ?"

ಸ್ಟುಡಿಯೊದವರು ಕೇಳಿರಲಿಲ್ಲ, ಸೈಟಿನವರು ಕೇಳಿರಲಿಲ್ಲ, ನಾವು ಕೇಳಿದ್ದು ಇಸ್ತ್ರಿಯಾದ ಮೇಲೆ. ಆ ಮುಖವನ್ನು ಕೇಳದೆ ತೆಗೆದುಕೊಳ್ಳುವ ಹಕ್ಕಿದ್ದವಳು ಇವಳೊಬ್ಬಳು, ಇವಳು ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು. ತೊಗೋ ಎಂದೆ. ಅವಳು ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಹಿಂಡಿ, ಸ್ಕೂಟರಿನ ಸೀಟು ಒರೆಸತೊಡಗಿದಳು.